ಬೇಲಿಯಾಚೆಯ ಬಾಣಂತಿ

ಮನೆ ಕೊಳ್ಳಲು ಬರುವವರಿಗೆ ನಾನು ಮೊದಲು ಹೇಳುವುದು ಇದು: ಅಡುಗೆಮನೆಯ ಗ್ರಾನೈಟನ್ನು ಆಮೇಲೆ ಸವರಿ ನೋಡಿ, ಮಾರುವವರು ಯಾಕೆ ಮಾರುತ್ತಿದ್ದಾರೆ ಎಂದು ಮೊದಲು ಕೇಳಿ. ಮಕ್ಕಳು ಕಾಲೇಜಿಗೆ ಹೋದರು, ಇಷ್ಟು ದೊಡ್ಡ ಮನೆ ಬೇಡ ಎಂದರೆ ಸರಿ. ಕೆಲಸ ಬೇರೆ ಊರಿಗೆ ಹೋಯಿತು ಎಂದರೂ ಸರಿ. ಉತ್ತರ ಹೇಳುವ ಮೊದಲು ಗಂಡ ಹೆಂಡತಿಯ ಮುಖ ನೋಡಿದನೋ, ಸೀದಾ ಬೇಸ್‌ಮೆಂಟಿಗೆ ಇಳಿದು ತೇವದ ವಾಸನೆ ಇದೆಯೇ ಎಂದು ಗೋಡೆಯ ಬುಡ ಮೂಸಿ. ಈ ಬುದ್ಧಿಮಾತಿಗೆ ನಾನು ಕಮಿಷನ್ ತೆಗೆದುಕೊಳ್ಳುವುದಿಲ್ಲ.

ಜಾರ್ಜಿಯಾದ ನಮ್ಮೂರು ಕಮ್ಮಿಂಗ್‌ನಲ್ಲಿ ನನಗೊಂದು ಹೆಸರಿದೆ. ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು ಕಾರಿನಿಂದ ಹಿಡಿದು ಮಗುವಿನ ಹಲ್ಲಿಗೆ ಹಾಕಿಸುವ ತಂತಿಯವರೆಗೆ ನನ್ನನ್ನು ಕೇಳದೆ ಏನನ್ನೂ ಕೊಳ್ಳುವುದಿಲ್ಲ. ಒಬ್ಬ ಬಿಲ್ಡರ್ ನನ್ನ ಕೈಲಿ ಸಿಕ್ಕಿ, ಕೊನೆಗೆ ಕಿಟಕಿಗಳಿಗೆಲ್ಲ ಬ್ಲೈಂಡ್ಸ್ ಹಾಕಿಸಿಕೊಟ್ಟು, "ಮೇಡಂ, ಇನ್ನು ನನ್ನ ಅಂಗಿಯೊಂದು ಉಳಿದಿದೆ" ಎಂದಿದ್ದ. "ಅಂಗಿ ಬೇಡ, ಡ್ರೈವ್‌ವೇ ಪಕ್ಕ ಎರಡು ಗಿಡ ಹಾಕಿಸಿ" ಎಂದೆ. ಹಾಕಿಸಿದ. ಇದೆಲ್ಲ ಹುಟ್ಟಿನಿಂದ ಬಂದದ್ದಲ್ಲ. ಗಂಡನ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದವಳು ನಾನು. ಕೆಲಸ ಮಾಡುವ ಹಕ್ಕಿರಲಿಲ್ಲ. ಕೆಲಸದ ಪರವಾನಗಿ ಬಂದ ಮೇಲೆ ಮೊದಲು ಮಾಡಿದ್ದು ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು. ಅಲ್ಲಿಂದ ಶುರು ಮಾಡಿ ಮನೆ ಮಾರುವ ಲೈಸೆನ್ಸ್‌ವರೆಗೆ ಬರುವಷ್ಟರಲ್ಲಿ, ಎದುರಿಗಿರುವವರು ಯಾವಾಗ ಸುಳ್ಳು ಹೇಳುತ್ತಾರೆ ಎನ್ನುವುದು ಅವರು ಉಸಿರೆಳೆಯುವ ರೀತಿಯಲ್ಲೇ ಗೊತ್ತಾಗುವಂತೆ ಆಗಿತ್ತು. ಹಾಗೆಂದು ನಾನು ನಂಬಿದ್ದೆ.

ಒಬ್ಬರ ಎದುರಿಗೆ ಮಾತ್ರ ಈ ವಿದ್ಯೆಯನ್ನು ನಾನು ಎಂದೂ ಬಳಸಿರಲಿಲ್ಲ. ಅವರು ಗೈದರ್ಸ್‌ಬರ್ಗ್‌ನ ಅಕ್ಕ.

ಒಡಹುಟ್ಟಿದ ಅಕ್ಕ ಅಲ್ಲ. ನಾವು ಮೊದಲು ಸಂಸಾರ ಹೂಡಿದ್ದು ಉತ್ತರದ ಊರಾದ ಗೈದರ್ಸ್‌ಬರ್ಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಕ್ಕನ ಮನೆ ನಮ್ಮ ತಲೆಯ ಮೇಲೆ. ಒಗ್ಗರಣೆಯ ಸದ್ದಿನಲ್ಲೇ ಪರಿಚಯವಾದವರು. ನಾನು ಬಸುರಿಯಾದಾಗ ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ ಎಂದು ಗೊತ್ತಾದ ದಿನ ಅಕ್ಕ ಮೆಟ್ಟಿಲಿಳಿದು ಬಂದು, "ಅಳಬೇಡ ಕಣೇ. ಬಾಣಂತನ ನಾನು ಮಾಡ್ತೀನಿ. ನನಗೇನು ಕೈ ಇಲ್ವಾ?" ಎಂದರು.

ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಅವಳನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ನನ್ನನ್ನು ಮನೆಗೆ ಕಳಿಸಿದರು. ಆ ಕೆಲವು ದಿನಗಳನ್ನು ನೆನೆದರೆ ಈಗಲೂ ನನ್ನ ಎದೆ ಬಿಗಿಯುತ್ತದೆ. ಮಗು ಅಲ್ಲಿ, ಹಾಲು ಇಲ್ಲಿ. ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇದ್ದೆ. ನೈಟಿಯ ಮುಂಭಾಗ ಸದಾ ಒದ್ದೆ. ಅಕ್ಕ ತಮ್ಮದೊಂದು ಹಳೆಯ ಹತ್ತಿ ಸೀರೆಯನ್ನು ಹರಿದು ತುಂಡು ಮಾಡಿ, ಒಂದನ್ನು ನನ್ನ ತಲೆಗೆ ಕಟ್ಟಿ, ಒಂದನ್ನು ಸೊಂಟಕ್ಕೆ ಬಿಗಿದು, ಉಳಿದವನ್ನು ಮಗುವಿಗೆಂದು ಮಡಿಸಿಟ್ಟರು. "ಹಾಲು ಬತ್ತಬಾರದು. ಕುಡಿಯೋಳು ಬಂದೇ ಬರ್ತಾಳೆ" ಎಂದು ಸಬ್ಬಸಿಗೆ ಸೊಪ್ಪಿನ ಸಾರು ಕುಡಿಸಿದರು. ಮಗಳು ಮನೆಗೆ ಬಂದ ದಿನ ಎರೆದು ಸಾಂಬ್ರಾಣಿ ಹೊಗೆ ಹಾಕಿದ್ದಕ್ಕೆ ಕಟ್ಟಡದ ಅಲಾರಂ ಹೊಡೆದುಕೊಂಡು, ಫೈರ್ ಇಂಜಿನ್ ಬಂದು, ಇಡೀ ಅಪಾರ್ಟ್‌ಮೆಂಟು ಬೀದಿಯಲ್ಲಿ ನಿಂತಿತ್ತು. ಹೆಲ್ಮೆಟ್ ಹಾಕಿದ ಆರಡಿ ಆಳುಗಳ ಎದುರು ಅಕ್ಕ ಇಕ್ಕಳದಲ್ಲಿ ಕೆಂಡದ ಬಟ್ಟಲು ಹಿಡಿದುಕೊಂಡು, "ಬೇಬಿ ಬಾತ್, ಬೇಬಿ ಬಾತ್" ಎನ್ನುತ್ತಿದ್ದರು.

ಆ ಸೀರೆಯ ಒಂದು ತುಂಡನ್ನು ನಾನು ಇಟ್ಟುಕೊಂಡಿದ್ದೆ. ತಿಳಿ ಹಸಿರು, ಅಂಚಿನಲ್ಲಿ ಮಾಸಿದ ಕೆಂಪು ಗೆರೆ. ಜಾರ್ಜಿಯಾಕ್ಕೆ ಬಂದಾಗಲೂ ಅದು ನನ್ನ ಜೊತೆ ಬಂತು.

ಕೋವಿಡ್ ಕಳೆದು ವಿಮಾನಗಳು ಮತ್ತೆ ಸರಿಯಾಗಿ ಹಾರತೊಡಗಿದ ಮೇಲೆ ಅಕ್ಕ ಆಫ್ರಿಕಾಕ್ಕೆ ಹೋಗಿ ಬಂದರು. ಮಕ್ಕಳು ಅವರವರ ದಾರಿ ಹಿಡಿದಿದ್ದರು. ಅಕ್ಕನಿಗೆ ಕೈ ಬಿಡುವಾಗಿತ್ತು. ದಕ್ಷಿಣ ಆಫ್ರಿಕಾದ ಯಾವುದೋ ಒಂದು ಫಾರ್ಮಿನಲ್ಲಿ ತಾಯಿಯಿಲ್ಲದ ಸಿಂಹದ ಮರಿಗಳಿಗೆ ಬಾಟಲಿಯಲ್ಲಿ ಹಾಲುಣಿಸುವ ಸೇವೆ. ಫೋಟೋಗಳಲ್ಲಿ ಅಕ್ಕನ ಮುಖ ನೋಡಿದರೆ ಹತ್ತು ವರ್ಷ ಚಿಕ್ಕವರಾದಂತೆ ಇತ್ತು. ಮುಂದಿನ ವರ್ಷ ಮತ್ತೆ ಹೋದರು. ಆಮೇಲೆ ಅವರೇ ಇಲ್ಲಿನ ಕನ್ನಡದ ಕುಟುಂಬಗಳನ್ನು ಅಲ್ಲಿಗೆ ಕಳಿಸಿಕೊಡತೊಡಗಿದರು.

ನನ್ನ ಮಗಳು ಆಗ ಹೈಸ್ಕೂಲಿನ ಮೂರನೇ ವರ್ಷ. ಇಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಆ ವರ್ಷ ಎಂದರೆ ಏನೆಂದು ಗೊತ್ತು. ಅಂಕಗಳು ಎಲ್ಲರಿಗೂ ಇರುತ್ತವೆ. ಕಾಲೇಜಿನವರು ಕೇಳುವ ಪ್ರಬಂಧದಲ್ಲಿ ಬರೆಯಲು ಏನಾದರೊಂದು ಬೇಕು. ನಮ್ಮ ಬೀದಿಯ ಮಕ್ಕಳೆಲ್ಲ ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರುಗಳಿಗೆ ಕೆಂಪು ಕೋಲು ಬೀಸಿ ಸೇವೆಯ ಗಂಟೆ ತುಂಬಿಸಿಕೊಂಡವರೇ.

"ನಿನ್ನ ಮಗಳಿಗೆ ಅಂಕ ಇದೆ, ಕಥೆ ಇಲ್ಲ ಕಣೇ" ಎಂದರು ಅಕ್ಕ ಫೋನಿನಲ್ಲಿ. "ಸಮ್ಮರ್‌ನಲ್ಲಿ ಇಬ್ರೂ ಹೋಗಿ ಬನ್ನಿ. ಅವಳಿಗೂ ಆಯ್ತು, ನಿನಗೂ ಆಯ್ತು. ಬರೀ ಮನೆ ಮಾರಿ ಮಾರಿ ನೀನೂ ಇಟ್ಟಿಗೆ ಆಗಿದೀಯ."

ನಾನು ಸುಮ್ಮನೆ ಒಪ್ಪಿಕೊಳ್ಳುವವಳಲ್ಲ. ಆ ಸೇವೆಗೆ ನಾವೇ ದುಡ್ಡು ಕೊಡಬೇಕು; ಫಾರ್ಮಿನವರ ಜೊತೆ ಚೌಕಾಸಿ ಮಾಡಿದೆ. ಮಗಳ ಜೊತೆ ಬರುವ ತಾಯಿಯ ವಸತಿಯ ಹಣ ಬಿಟ್ಟುಕೊಡಿ ಎಂದೆ, ಬಿಟ್ಟುಕೊಟ್ಟರು. ವಿಮಾನ ನಿಲ್ದಾಣಕ್ಕೆ ಗಾಡಿ ಕಳಿಸಿ ಎಂದೆ, ಆಯಿತು ಎಂದರು. ಮಾಂಸದ ಪಾತ್ರೆ ಸೋಕದ ಒಂದು ಒಲೆ, ಒಂದು ಕುಕ್ಕರ್ ನಮಗೇ ಬೇಕು ಎಂದೆ. ಅದಕ್ಕೂ ಹೂಂ ಎಂದರು. ಎಲ್ಲ ಮುಗಿದ ಮೇಲೆ ಅಕ್ಕನಿಗೆ ನನ್ನ ಮೊದಲ ಪ್ರಶ್ನೆಯನ್ನೂ ಕೇಳಿದೆ.

"ಅಕ್ಕ, ಈ ಮರಿಗಳು ಎಲ್ಲಿಂದ ಬರ್ತವೆ? ವರ್ಷವೆಲ್ಲ ಇಷ್ಟೊಂದು ಅನಾಥ ಮರಿಗಳು?"

"ತಾಯಿ ಸತ್ತವು. ಬೇಟೆಗಾರರು ಕೊಂದವು, ಹೆರಿಗೇಲಿ ಹೋದವು. ದೊಡ್ಡವಾದ ಮೇಲೆ ಕಾಡಿಗೆ ಬಿಡ್ತಾರೆ. ನಾನೇ ಕಣ್ಣಾರೆ ನೋಡಿದೀನಿ."

ನಾನು ಕೇಳಿದ್ದೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಉತ್ತರ ಕೊಟ್ಟವರು ನನ್ನ ಬಾಣಂತನ ಮಾಡಿದವರು. ಅವರ ಮಾತಿನ ಬುಡ ಮೂಸಬೇಕು ಎಂದು ನನಗೆ ಅನ್ನಿಸಲಿಲ್ಲ.

ಫಾರ್ಮು ನಮ್ಮ ಕಲ್ಪನೆಯ ಕಾಡಿನಂತಿರಲಿಲ್ಲ. ಒಣ ಹುಲ್ಲಿನ ಬಯಲು, ಎತ್ತರದ ತಂತಿ ಬೇಲಿ, ತಗಡಿನ ಶೆಡ್ಡುಗಳು. ನಮಗೆ ಬೇಸಿಗೆ ರಜ, ಅಲ್ಲಿ ಚಳಿಗಾಲ; ಬೆಳಗಿನ ನೀರಿಗೆ ಕೈ ಇಟ್ಟರೆ ಬೆರಳು ಸೆಟೆಯುತ್ತಿತ್ತು. ಯಜಮಾನಿ ನನ್ನದೇ ವಯಸ್ಸಿನವಳು, ಬಿಸಿಲಿಗೆ ಸುಟ್ಟ ಮುಖ, ಚುರುಕು ನಡಿಗೆ. ನಮ್ಮ ಜೊತೆ ಯೂರೋಪಿನ ಕೆಲವು ಕಾಲೇಜು ಹುಡುಗರು ಇದ್ದರು.

ಹೋದ ಮೂರ್ನಾಲ್ಕು ದಿನಕ್ಕೆ ಯಜಮಾನಿ ಒಂದು ರಟ್ಟಿನ ಡಬ್ಬಿಯನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಒಳಗೆ ಒಂದೇ ಮರಿ. ಕಣ್ಣು ಆಗಷ್ಟೇ ಸೀಳಿಕೊಳ್ಳುತ್ತಿತ್ತು, ಮೈತುಂಬ ಮಸುಕು ಚುಕ್ಕೆ, ಕಾಲುಗಳು ಮೈಗಿಂತ ದೊಡ್ಡವು. "ತಾಯಿ ಹೆರಿಗೆಯಲ್ಲಿ ಸತ್ತಳು. ನಿಮ್ಮ ಅದೃಷ್ಟ, ಇದು ನಿಮ್ಮಿಬ್ಬರದ್ದು" ಎಂದಳು.

ಸಿಂಹದ ಮರಿ ಸಾಕುವುದೆಂದರೆ ಫೋಟೋದಲ್ಲಿ ಕಾಣುವಂಥದ್ದಲ್ಲ. ಬಾಟಲಿ ಬಾಯಿಗಿಟ್ಟರೆ ನಮ್ಮ ಕೈಯನ್ನೇ ಮೊಲೆ ಎಂದುಕೊಂಡು ಎರಡೂ ಪಂಜದಲ್ಲಿ ಒತ್ತುತ್ತದೆ. ಉಗುರು ಚರ್ಮಕ್ಕೆ ಇಳಿಯುತ್ತದೆ. ಕುಡಿದಾದ ಮೇಲೆ ಒದ್ದೆ ಬಟ್ಟೆಯಿಂದ ಹಿಂಭಾಗ ಒರೆಸಬೇಕು, ಇಲ್ಲವಾದರೆ ಅದಕ್ಕೆ ಉಚ್ಚೆ ಹೊಯ್ಯಲೂ ಬಾರದು. ತಾಯಿ ನಾಲಗೆಯಲ್ಲಿ ಮಾಡುವ ಕೆಲಸ ಅದು. ಪುಡಿ ಹಾಲು ಒಗ್ಗದೆ ಭೇದಿಯಾಗುತ್ತಿತ್ತು. ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾನು ತೋಳು ಮಡಿಸಿದೆ. ಹೀಗೇ ಇರಬಹುದೆಂದು ಊಹಿಸಿ ಮನೆಯಿಂದ ಮೆತ್ತನೆಯ ಬಟ್ಟೆಗಳನ್ನು ತಂದಿದ್ದೆ. ಅವುಗಳಲ್ಲಿ ಅಕ್ಕನ ಸೀರೆಯ ತುಂಡೂ ಇತ್ತು. ಮರಿ ಅದರಲ್ಲಿ ಸುತ್ತಿದರೆ ಮಾತ್ರ ಮಲಗುತ್ತಿತ್ತು. ಅದರ ಮೂಲೆಯನ್ನು ಚೀಪುತ್ತ, ಗಂಟಲಲ್ಲಿ ಗೊರಗೊರ ಮಾಡುತ್ತ.

"ಅಮ್ಮ, ಇದಕ್ಕೆ ನೇಮಿಂಗ್ ಸೆರೆಮನಿ ಮಾಡೋಣ್ವಾ?" ಎಂದಳು ಮಗಳು. "ಪ್ರಾಪರ್ ಆಗಿ. ತೊಟ್ಟಿಲು ಎಲ್ಲ."

ಮಾಡಿದೆವು. ಬಟ್ಟೆ ಒಗೆಯುವ ಬುಟ್ಟಿಯೇ ತೊಟ್ಟಿಲು. ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಿನಿಂದ ಹೆಸರು ಬರೆದು, ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಟು, ಕಿವಿಯಲ್ಲಿ ಹೆಸರು ಉಸುರಿ, ನಾನು ಜೋಗುಳ ಹೇಳಿದೆ. ಕಿವಿಗೆ ಬಾಯಿ ತಂದಾಗ ಮರಿ ನನ್ನ ಓಲೆಗೆ ಪಂಜ ಹಾಕಿತು. ಯೂರೋಪಿನ ಹುಡುಗರು ಬಿದ್ದು ಬಿದ್ದು ನಕ್ಕರು. ಮಗಳು ಎಲ್ಲವನ್ನೂ ವಿಡಿಯೋ ಮಾಡಿ ತನ್ನ ದೊಡ್ಡಮ್ಮನಿಗೆ, ಅಂದರೆ ಅಕ್ಕನಿಗೆ, ಕಳಿಸಿದಳು. ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಮಗುವೊಂದು ಈಗ ನಮ್ಮ ಬೀದಿಯಲ್ಲೇ ಸೈಕಲ್ ಕಲಿಯುತ್ತಿದೆ.

ಆ ವಾರವೇ ಒಂದು ಮಧ್ಯಾಹ್ನ ಯಜಮಾನಿಗೆ ಕೈ ಸಾಲದೆ, ದೊಡ್ಡ ಸಿಂಹಗಳಿಗೆ ಮಾಂಸ ಹಾಕುವ ಟ್ರಕ್ಕಿನಲ್ಲಿ ನನ್ನನ್ನೂ ಕೂರಿಸಿಕೊಂಡಳು. ಸಸ್ಯಾಹಾರಿ ನಾನು, ಸೆರಗಿಲ್ಲದ ಊರಿನಲ್ಲಿ ಜಾಕೆಟ್ಟಿನ ಕಾಲರಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದೆ. ಸ್ವಯಂಸೇವಕರು ಹೋಗಬಾರದೆಂದು ಹೇಳಿದ್ದ ಹಿಂದಿನ ಬೇಲಿಗಳ ಕಡೆ ಟ್ರಕ್ಕು ತಿರುಗಿತು. ಮಾಂಸ ಬಿದ್ದ ಸದ್ದಿಗೆ ಎಲ್ಲ ಸಿಂಹಗಳೂ ನುಗ್ಗಿದವು. ಒಂದು ಮಾತ್ರ ಬರಲಿಲ್ಲ.

ಅದು ಹೆಣ್ಣು. ತಂತಿಯ ಉದ್ದಕ್ಕೂ ನಡೆಯುತ್ತಿತ್ತು. ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ. ಅದರ ಕಾಲಿನ ಕೆಳಗೆ ಹುಲ್ಲು ಸವೆದು ಮಣ್ಣಿನ ಗೆರೆ ಮೂಡಿತ್ತು. ಪ್ರತಿ ಸಲ ತಿರುಗುವಾಗಲೂ ನಾವಿರುವ ಮನೆಯ ಕಡೆಗೆ ಮುಖ ಮಾಡಿ ಸಣ್ಣಗೆ ಹೂಂಕರಿಸುತ್ತಿತ್ತು. ಘರ್ಜನೆಯಲ್ಲ, ಅದು ಕರೆಯುವ ದನಿ. ಹೊಟ್ಟೆ ಜೋತಿತ್ತು. ಮೊಲೆಗಳು ತುಂಬಿ ಬಿಗಿದು, ಸುತ್ತಲಿನ ಕೂದಲು ಒದ್ದೆಯಾಗಿ ಮೈಗೆ ಅಂಟಿತ್ತು.

ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಅದು ಬಾಣಂತಿ. ಆ ಫಾರ್ಮಿಗೆ ಆ ವಾರ ಬಂದ ಎಳೆಯ ಮರಿ ಒಂದೇ, ಅದು ನನ್ನ ಹಾಸಿಗೆಯ ಪಕ್ಕದ ಬುಟ್ಟಿಯಲ್ಲಿತ್ತು.

ನಾನು ಕಿರುಚಲಿಲ್ಲ, ಜಗಳ ತೆಗೆಯಲಿಲ್ಲ. ಸರಕಿನ ಬಗ್ಗೆ ಅನುಮಾನ ಬಂದಾಗ ಕಿರುಚಿದರೆ ಮಾರುವವನು ಎಚ್ಚರವಾಗುತ್ತಾನೆ. ಮರುದಿನ ಚಹ ಕುಡಿಯುವಾಗ ಯಜಮಾನಿಯ ಪಕ್ಕ ಕೂತು, ನಾನೂ ವ್ಯವಹಾರದವಳೇ, ಜಾಗ ಮನೆ ಮಾರುತ್ತೇನೆ ಎಂದೆ. ಫಾರ್ಮನ್ನು ಹೊಗಳಿದೆ. ಆಮೇಲೆ ಬಿಸ್ಕತ್ತು ಮುರಿಯುತ್ತ, "ಇಂಥದ್ದೊಂದು ದೊಡ್ಡ ಸಿಂಹ ಬೇಕು ಅಂತ ಯಾರಾದರೂ ಕೇಳಿದರೆ ಎಷ್ಟಕ್ಕೆ ಕೊಡ್ತೀರಿ?" ಎಂದೆ.

ಮಾರಾಟಕ್ಕಿಲ್ಲದ ವಸ್ತುವಿಗೆ ಬೆಲೆ ಕೇಳಿದರೆ ಮನುಷ್ಯ ಮೊದಲು ನಗುತ್ತಾನೆ, ಇಲ್ಲವೇ ರೇಗುತ್ತಾನೆ, ಇಲ್ಲವೇ ಯೋಚಿಸುತ್ತಾನೆ. ಯಜಮಾನಿ ಮೂರನ್ನೂ ಮಾಡಲಿಲ್ಲ. ತರಕಾರಿಯವಳು ಹುರುಳಿಕಾಯಿ ಬೆಲೆ ಹೇಳುವಂತೆ ಹೇಳಿದಳು. "ಹೆಣ್ಣಿಗೆ ಇಷ್ಟು. ಗಂಡಿಗೆ ಜಾಸ್ತಿ, ಕೇಸರ ಚೆನ್ನಾಗಿದ್ದರೆ ಇನ್ನೂ ಜಾಸ್ತಿ. ನಿಮ್ಮ ಮರಿ ಗಂಡು. ನಾಲ್ಕೈದು ವರ್ಷ ಕಾಯಬೇಕು."

"ಯಾರು ತಗೋತಾರೆ?"

"ಬಂದೂಕು ಇಟ್ಕೊಂಡು ಬರೋರು. ಬೇಲಿ ಹಾಕಿದ ಜಾಗದಲ್ಲಿ ಬಿಡ್ತೇವೆ, ಹೊಡೀತಾರೆ. ಬಹಳಷ್ಟು ಜನ ನಿಮ್ಮ ದೇಶದವರೇ." ಅವಳು ನನ್ನನ್ನು ಒಳಗಿನವಳೆಂದೇ ತಿಳಿದಿದ್ದಳು. "ಕೈಯಲ್ಲಿ ಸಾಕಿದ್ದು ಓಡೋದಿಲ್ಲ. ಮನುಷ್ಯರನ್ನ ಕಂಡ್ರೆ ಹತ್ತಿರ ಬರುತ್ತೆ. ಕೆಲಸ ಸುಲಭ."

ಚಹದ ಕಪ್ಪು ಕೆಳಗಿಟ್ಟೆ. ಬಿಸ್ಕತ್ತಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡು ಎದ್ದೆ. ಸಂಜೆ ಮರಿ ಎಂದಿನಂತೆ ನನ್ನ ಬೆರಳು ಹಿಡಿದು ಕುಡಿಯಿತು. ಅದಕ್ಕೆ ಮನುಷ್ಯರ ಕೈ ಅಭ್ಯಾಸವಾಗುತ್ತಿತ್ತು. ಅಭ್ಯಾಸ ಮಾಡಿಸುತ್ತಿದ್ದವಳು ನಾನು.

ಹಾಗೆಂದು ಬಾಟಲಿ ತೆಗೆದಿಡಲು ಆಗುತ್ತದೆಯೇ? ಹಸಿದ ಮಗು. ಹೊರಡುವವರೆಗೂ ಕುಡಿಸಿದೆ. ಮರಿಯನ್ನು ತಾಯಿಯ ಹತ್ತಿರ ಬಿಡಿ ಎಂದು ಹೋಗುವ ಮುಂಚೆ ಒಂದು ಸಲ ಬಾಯಿಬಿಟ್ಟು ಕೇಳಿದೆ. ಯಜಮಾನಿಯ ಮುಖ ಬಾಗಿಲು ಹಾಕಿದಂತಾಯಿತು. "ಅದರ ತಾಯಿ ಸತ್ತಿದೆ" ಎಂದಳು. ನಾವು ಗಾಡಿ ಹತ್ತುವಾಗ ಮರಿ ಮಲಗಿತ್ತು. ಹೊದಿಸಿದ್ದ ಸೀರೆಯ ತುಂಡನ್ನು ಮೆಲ್ಲಗೆ ಎಳೆದುಕೊಂಡು, ಬದಲಿಗೆ ನನ್ನ ಸ್ವೆಟರ್ ಇಟ್ಟು ಬಂದೆ.

ವಿಮಾನದಲ್ಲಿ ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ದೊಡ್ಡಮ್ಮಂಗೆ ಗೊತ್ತಾ?"

"ಇಲ್ಲ ಪುಟ್ಟ. ಅವರಿಗೂ ಮೋಸ ಆಗಿದೆ."

"ಆರ್ ಯೂ ಶೂರ್?"

"ನಿನ್ನ ದೊಡ್ಡಮ್ಮ ಕಣೇ ಅವರು."

ಇಷ್ಟು ಹೇಳಿದ ಮೇಲೆ ಅದು ನಿಜವಾಗಲೇಬೇಕಾಗಿತ್ತು. ಮರಿ ನನ್ನ ಕೈತಪ್ಪಿತ್ತು, ಅಕ್ಕನಾದರೂ ಉಳಿಯಬೇಕಿತ್ತು. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ಎರಡು ಸಲ ಕರೆ ಮಾಡಿ ಬೇರೆ ಏನೋ ಮಾತಾಡಿ ಇಟ್ಟೆ. ಅಕ್ಕನೂ ಸಿಂಹದ ಮಾತು ತೆಗೆಯಲಿಲ್ಲ. "ವಿಡಿಯೋ ಸೂಪರ್ ಕಣೇ, ಎಲ್ಲರೂ ಕೇಳ್ತಿದಾರೆ" ಎಂದಷ್ಟೇ ಹೇಳಿದರು.

ಸೆಪ್ಟೆಂಬರಿನಲ್ಲಿ ಅಕ್ಕ, ನಮ್ಮೂರಿನಿಂದ ಕಾರಿನಲ್ಲಿ ಹೋಗಿ ಬರಬಹುದಾದ ಶಾರ್ಲಟ್‌ಗೆ ಬಂದರು. ಅವರ ಮಗ ಅಲ್ಲಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ. ಅವನ ಕಾಲೋನಿಯ ಕ್ಲಬ್‌ಹೌಸಿನಲ್ಲಿ ಶನಿವಾರ ಮಧ್ಯಾಹ್ನ ಕೆಲವು ಅಮ್ಮಂದಿರನ್ನು ಸೇರಿಸಿ ಮುಂದಿನ ಬೇಸಿಗೆಯ ಬಗ್ಗೆ ಮಾತಾಡುತ್ತಾರೆ, ನೀನೂ ಬಾ ಎಂದರು. ನಾನು ಮಗಳನ್ನು ಕರೆದುಕೊಂಡು ಹೊರಟೆ. ಅವರು ಇನ್ನೊಬ್ಬರನ್ನು ಕಳಿಸುವ ಮೊದಲೇ ಸತ್ಯ ಗೊತ್ತಾಗಬೇಕು, ಪಾಪ, ಎಂಬುದು ನನ್ನ ಅವಸರ. ಸೀರೆಯ ತುಂಡನ್ನು ಹಾಗೆಯೇ, ಒಗೆಯದೆ, ಚೀಲದಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಮೂಗಿಗೆ ಹಿಡಿದರೆ ಮರಿಯ ವಾಸನೆ ಇನ್ನೂ ಇತ್ತು: ಹುಳಿ ಹಾಲು, ಒಣ ಹುಲ್ಲು, ಬೆಕ್ಕಿನ ಮೈಯಂಥದ್ದು ಏನೋ. ಅಕ್ಕನಿಗೆ ತೋರಿಸಬೇಕು, ನೋಡಿ ನಿಮ್ಮ ಸೀರೆಯಲ್ಲಿ ಇನ್ನೊಂದು ಮಗು ಮಲಗಿತ್ತು ಎನ್ನಬೇಕು ಎಂದುಕೊಂಡಿದ್ದೆ.

ಕ್ಲಬ್‌ಹೌಸಿನ ಬಾಗಿಲು ತೆಗೆದಾಗ ಮೊದಲು ಕೇಳಿಸಿದ್ದು ನನ್ನದೇ ದನಿ. ಗೋಡೆಯ ದೊಡ್ಡ ಟೀವಿಯಲ್ಲಿ ನಾನು ಜೋಗುಳ ಹಾಡುತ್ತಿದ್ದೆ. ಮರಿ ಓಲೆಗೆ ಪಂಜ ಹಾಕಿದಾಗ ಹದಿನೈದಿಪ್ಪತ್ತು ಹೆಂಗಸರು "ಅಯ್ಯೋ ಕಂದ" ಎಂದು ಕರಗಿದರು. ಒಬ್ಬಳು ನನ್ನನ್ನು ಗುರುತಿಸಿ, "ಆಂಟಿ ನೀವೇ!" ಎಂದು ಎದ್ದು ಬಂದಳು. ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

ಅಕ್ಕ ಹಿಂದಿನ ಪುಟ್ಟ ಅಡುಗೆಮನೆಯಲ್ಲಿ ಡಿಕಾಕ್ಷನ್‌ಗೆ ಹಾಲು ಬೆರೆಸುತ್ತಿದ್ದರು. ನನ್ನನ್ನು ಕಂಡು, "ಬಾರೇ, ಸರಿಯಾದ ಟೈಮಿಗೆ ಬಂದೆ. ಸಕ್ಕರೆ ಹಾಕು" ಎಂದರು. ಬಾಗಿಲು ಮುಂದು ಮಾಡಿ ಎಲ್ಲ ಹೇಳಿದೆ. ಬೇಲಿ, ಬಾಣಂತಿ, ಬೆಲೆ, ಬಂದೂಕು. ಅವರು ಚಮಚ ಕೆಳಗಿಡುತ್ತಾರೆ, ತಲೆ ಹಿಡಿದುಕೊಳ್ಳುತ್ತಾರೆ, ನನ್ನನ್ನೇ ಹಿಡಿದುಕೊಳ್ಳುತ್ತಾರೆ ಎಂದು ಕಾಯುತ್ತ ಹೇಳಿದೆ.

ಅಕ್ಕ ಲೋಟಗಳಿಗೆ ಕಾಫಿ ಸುರಿಯುವುದನ್ನು ನಿಲ್ಲಿಸಲಿಲ್ಲ.

"ಮೆಲ್ಲಗೆ ಮಾತಾಡು. ಹೊರಗೆ ಕೇಳುತ್ತೆ."

"ಅಕ್ಕ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೆ ಏನು? ಎರಡನೇ ಸಲ ಹೋದಾಗ ಮೊದಲನೇ ಸಲದ ಮರಿಗಳು ಎಲ್ಲಿ ಅಂತ ಕೇಳಿದೆ. ಕಾಡಿಗೆ ಬಿಟ್ವಿ ಅಂದ್ರು. ಅವಳು ಹೇಳಿದ ರೀತಿ ನೋಡೇ ಗೊತ್ತಾಯ್ತು. ಆಮೇಲೆ ನಾನು ಕೇಳಲಿಲ್ಲ."

"ಕಣ್ಣಾರೆ ನೋಡಿದೀನಿ ಅಂದ್ರಿ ನನಗೆ."

"ಅನ್ನಲೇಬೇಕಿತ್ತು. ನೀನು ಬಿಡೋಳಲ್ಲ."

"ನನ್ನನ್ನ ಯಾಕೆ ಕಳಿಸಿದ್ರಿ ಹಾಗಾದ್ರೆ? ಬೇರೆ ಜನ ಇರಲಿಲ್ವಾ?"

ಅಕ್ಕ ಆಗ ನನ್ನ ಮುಖ ನೋಡಿದರು. ನಾಚಿಕೆ ಇರಲಿಲ್ಲ, ಇಷ್ಟೂ ಗೊತ್ತಾಗಲ್ವಾ ಎನ್ನುವ ಸಲುಗೆಯ ನೋಟ. "ನೀನು ಹೋಗಿ ಬಂದ್ರೆ ಕಮ್ಮಿಂಗ್‌ಗೆ ಕಮ್ಮಿಂಗೇ ಬರುತ್ತೆ ಕಣೇ. ನೀನು ಚೌಕಾಸಿ ಮಾಡಿ ತಗೊಂಡಿದ್ದು ಅಂದ್ರೆ ಯಾರು ಇನ್ನೊಂದು ಪ್ರಶ್ನೆ ಕೇಳ್ತಾರೆ? ನಿನ್ನ ಒಂದು ವಿಡಿಯೋ ಮಾಡಿದ ಕೆಲಸ ನನ್ನ ಎರಡು ವರ್ಷದ ಫೋಟೋ ಮಾಡಲಿಲ್ಲ."

ಬೆಲೆ ಹೇಳುವಾಗ ಯಜಮಾನಿ ತಡವರಿಸಿರಲಿಲ್ಲ. ಅಕ್ಕನೂ ತಡವರಿಸಲಿಲ್ಲ.

"ಆ ತಾಯಿಯ ಮೊಲೆ ಸೋರ್ತಿತ್ತು ಅಕ್ಕ. ನಾನು ಹಾಗೆ ನಡೀತಿದ್ದಾಗ ನೀವೇ ಪಕ್ಕದಲ್ಲಿ ಇದ್ರಿ."

"ನೀನು ಮನುಷ್ಯಳು, ಅದು ಪ್ರಾಣಿ. ನಾಕು ದಿನ ನಡೆಯುತ್ತೆ, ಆಮೇಲೆ ಮರೆಯುತ್ತೆ." ದನಿ ಇಳಿಸಿ ಹೇಳಿದರು: "ನೋಡು, ಅಲ್ಲಿಗೆ ಹೋದ್ರೆ ನನಗೆ ಒಂದು ಕೆಲಸ ಇದೆ. ಒಂದು ಜೀವ ನನ್ನ ಕೈಲಿ ಹಾಲು ಕುಡಿಯುತ್ತೆ. ಜನ ಕಳಿಸ್ತಾ ಇದ್ರೆ ಪ್ರತಿ ವರ್ಷ ನನಗೆ ಅಲ್ಲಿ ಜಾಗ. ಇಲ್ಲಿ ನಾನು ಯಾರು ಹೇಳು? ನಿನಗೆ ಆ ಮರಿ ಜೊತೆ ಸಿಕ್ಕಿದ ಖುಷಿ ಸುಳ್ಳಾ?"

ಸುಳ್ಳಾಗಿರಲಿಲ್ಲ. ಅದನ್ನು ಅವರು ಕೇಳಬಾರದಿತ್ತು. ನಾನು ಚೀಲದಿಂದ ಸೀರೆಯ ತುಂಡನ್ನು ತೆಗೆದು ಕಾಫಿ ಲೋಟಗಳ ಪಕ್ಕ ಇಟ್ಟೆ. ಅಕ್ಕ ಕೆಂಪು ಗೆರೆಯನ್ನು ಗುರುತಿಸಿದರು. ಟ್ರೇ ಎತ್ತಿಕೊಂಡು ಹೊರಗೆ ನಡೆದರು.

ಹೊರಗಿನ ಹಾಲ್‌ನಲ್ಲಿ ಅಮ್ಮಂದಿರು ನನಗಾಗಿಯೇ ಕಾದಿದ್ದರು.

"ಆಂಟಿ, ನೀವು ಹೋಗಿ ಬಂದ್ರಲ್ಲ, ವರ್ತ್ ಇದೆಯಾ?"

"ಎಷ್ಟಕ್ಕೆ ಇಳಿಸಿದ್ರಿ ಆಂಟಿ? ನಮಗೂ ಅದೇ ರೇಟ್ ಕೊಡಿಸಿ ಪ್ಲೀಸ್."

ಅಕ್ಕ ಟ್ರೇ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. ನನ್ನ ಹೊಟ್ಟೆಗೆ ಸಬ್ಬಸಿಗೆ ಸಾರು ಹಾಕಿದ ಕೈ ಅದು. ನಾನು ನಿಂತೇ ಹೇಳಿದೆ. ಭಾಷಣ ಮಾಡಲಿಲ್ಲ, ಮನೆ ತೋರಿಸುವಾಗ ಗೋಡೆಯ ಬಿರುಕು ತೋರಿಸುವಂತೆ ಹೇಳಿದೆ: ತಾಯಿ ಸತ್ತಿಲ್ಲ, ಬೇಲಿಯ ಆಚೆ ಇದೆ, ನಾನು ನೋಡಿದೆ. ದೊಡ್ಡ ಸಿಂಹಕ್ಕೆ ಬೆಲೆ ಕೇಳಿದೆ, ಹೇಳಿದರು. ಮರಿ ದೊಡ್ಡದಾದ ಮೇಲೆ ಗುಂಡು ಹೊಡೆಯಲು ಕೊಡುತ್ತಾರೆ. ನೀವು ಹಾಲು ಕುಡಿಸಿ ಪಳಗಿಸಿದಷ್ಟೂ ಹೊಡೆಯುವವನಿಗೆ ಅನುಕೂಲ.

ಟೀವಿಯಲ್ಲಿ ವಿಡಿಯೋ ಮತ್ತೆ ಮೊದಲಿನಿಂದ ಶುರುವಾಗಿ, ನಾನು ಅಕ್ಕಿಯ ಮೇಲೆ ಹೆಸರು ಬರೆಯುತ್ತಿದ್ದೆ. ಮಗಳು ಹೋಗಿ ಅದನ್ನು ಆರಿಸಿದಳು.

"ಆಂಟಿ ತಮಾಷೆ ಮಾಡ್ತಿದಾರೆ ಅನ್ಸುತ್ತೆ" ಎಂದು ಯಾರೋ ನಕ್ಕರು.

"ಇವಳು ಸ್ವಲ್ಪ ಎಮೋಷನಲ್ ಆಗಿದಾಳೆ. ಮರಿ ಬಿಟ್ಟು ಬಂದಿದಾಳಲ್ಲ" ಎಂದರು ಅಕ್ಕ, ಕಾಫಿ ಕೊಡುತ್ತ. "ಬಿಸಿ ಇದೆ, ತಗೊಳ್ಳಿ."

ಕೆಲವರು ಚೀಲ ಎತ್ತಿಕೊಂಡು ಹೊರಟರು. ಕೆಲವರು ಕೂತರು, ಕಾಫಿ ತೆಗೆದುಕೊಂಡರು. ಗುಲಾಬಿ ಬಣ್ಣದ ಕುರ್ತಾ ಹಾಕಿದ್ದ ಒಬ್ಬಳು ನನ್ನ ಹತ್ತಿರ ಬಂದು, "ಆಂಟಿ, ಅದೆಲ್ಲ ಇರಬಹುದು. ಆದರೆ ಕಾಲೇಜಿಗೆ ಅದು ಕೌಂಟ್ ಆಗುತ್ತೆ ತಾನೇ?" ಎಂದಳು. ನಾನು ಮಗಳ ಕೈ ಹಿಡಿದು ಹೊರಗೆ ನಡೆದೆ.

ಪಾರ್ಕಿಂಗಿಗೆ ಬಂದು ಕಾರು ತೆಗೆದೆ. ವಾಪಸು ಬರುವ ದಾರಿಯಲ್ಲಿ ಸ್ಪಾರ್ಟನ್‌ಬರ್ಗ್ ಊರು ದಾಟಿದೆವು. ಮಗಳು, "ಶೀ ನ್ಯೂ. ದೊಡ್ಡಮ್ಮಂಗೆ ಗೊತ್ತಿತ್ತು" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ಹೂಂ."

"ನನ್ನ ಕಾಲೇಜ್ ಎಸ್ಸೇ ಡಿಲೀಟ್ ಮಾಡ್ತೀನಿ. ಬೇರೆ ಬರೀತೀನಿ."

"ಏನು ಬರೀತೀಯ?"

"ಗೊತ್ತಿಲ್ಲ ಅಮ್ಮ. ದೇವಸ್ಥಾನದ ಪಾರ್ಕಿಂಗ್ ಲಾಟ್."

ಸೀರೆಯ ತುಂಡನ್ನು ಅಲ್ಲೇ ಬಿಟ್ಟು ಬಂದದ್ದು ಮನೆ ತಲುಪಿದ ಮೇಲೆ ನೆನಪಾಯಿತು. ಫೋನ್ ಮಾಡಿ ಕೇಳಲು ಮನಸ್ಸು ಬರಲಿಲ್ಲ. ಆ ಚಳಿಗಾಲದಲ್ಲಿ ಕಮ್ಮಿಂಗ್‌ನ ಎರಡು ಕುಟುಂಬದವರು ನನ್ನನ್ನು ಕೇಳಿದರು, ಹೋಗಲಿಲ್ಲ. ಇನ್ನೊಂದು ಕುಟುಂಬ ಕೇಳಲೇ ಇಲ್ಲ, ಹೋಯಿತು. ನನ್ನ ವಿಡಿಯೋ ನೋಡಿಯೇ ನಿರ್ಧಾರ ಮಾಡಿದೆವು ಎಂದು ಆಮೇಲೆ ಸಂತೋಷದಿಂದ ಹೇಳಿದರು. ಅದನ್ನು ಅಳಿಸಿಹಾಕಿ ಎಂದು ಅಕ್ಕನಿಗೆ ಮೆಸೇಜ್ ಹಾಕಿದ್ದೆ. ನೋಡಿದ್ದಾರೆ ಎಂದು ತೋರಿಸಿತು, ಅಷ್ಟೆ. ಆದ್ದರಿಂದ ಇಲ್ಲಿ ಬರೆದು ಹೇಳುತ್ತಿದ್ದೇನೆ: ಆ ಜೋಗುಳ ನಿಮ್ಮ ಫೋನಿಗೆ ಬಂದರೆ, ಹಾಡುತ್ತಿರುವ ಹೆಂಗಸನ್ನು ನಂಬಬೇಡಿ. ಅವಳಿಗೆ ಆಗ ಗೊತ್ತಿರಲಿಲ್ಲ.

ಯುಗಾದಿಯ ಹೊತ್ತಿಗೆ ಗೈದರ್ಸ್‌ಬರ್ಗ್‌ನಿಂದ ಒಂದು ಸಣ್ಣ ಪಾರ್ಸೆಲ್ ಬಂತು. ಒಳಗೆ ಒಂದು ಸಾಲಿನ ಬರಹವೂ ಇರಲಿಲ್ಲ. ತಿಳಿ ಹಸಿರು ಬಟ್ಟೆ, ಅಚ್ಚುಕಟ್ಟಾಗಿ ಮಡಿಸಿ, ಇಸ್ತ್ರಿ ಹೊಡೆದಿತ್ತು. ಮರಿ ಚೀಪಿ ಹರಿದಿದ್ದ ಮೂಲೆಗೆ ಸಣ್ಣ ಹೊಲಿಗೆ ಹಾಕಿದ್ದರು. ಅಕ್ಕನ ಕೈ ಹೊಲಿಗೆ ನನಗೆ ಗೊತ್ತು. ಬಾಗಿಲಲ್ಲೇ ನಿಂತು ಮೂಗಿಗೆ ಹಿಡಿದೆ. ಮತ್ತೆ ಹಿಡಿದೆ. ಸೋಪಿನ ವಾಸನೆ ಬರುತ್ತಿತ್ತು.